ಮಂಗಳದ ಮುಕ್ಕಾಲಿ, ಸರ್ರೆಯ ಸಿಪಾಯಿ: 5000 ರೂಪಾಯಲ್ಲಿ ವಿಕ್ಟೋರಿಯನ್ ಸೈಫೈ ಮಿನಿಯೇಚರ್ ಸೆಟ್

ವಿಕ್ಟೋರಿಯನ್ ಸೈನ್ಸ್ ಫಿಕ್ಷನ್ ಮಿನಿಯೇಚರ್ ಅಂದ್ರೆ ಗೊತ್ತಿಲ್ದೋರಿಗೆ ಮೊದ್ಲು ಎರಡು ಮಾತು. ವಿಕ್ಟೋರಿಯಾ ರಾಣಿ ಆಳ್ತಿದ್ದ ಕಾಲ, 1837ರಿಂದ 1901ರ ತನಕ, ಆಗಿನ ಕೆಂಪು ಕೋಟಿನ ಸಿಪಾಯಿಗಳು, ಉಗಿ ಇಂಜಿನ್ನು, ಫಿರಂಗಿ, ಇವುಗಳ ಎದುರಿಗೆ ಆ ಕಾಲದ ಜನ ಕಲ್ಪನೆ ಮಾಡಿಕೊಂಡಿದ್ದ ಮಂಗಳ ಗ್ರಹದೋರು, ಅವರ ಯಂತ್ರಗಳು. ಇದನ್ನೆಲ್ಲ ಒಂದೊಂದು ಇಂಚಿನ ಗೊಂಬೆಗಳಲ್ಲಿ ಮಾಡಿ ಬಣ್ಣ ಹೊಡೆದು ಟೇಬಲ್ ಮೇಲೆ ಯುದ್ಧದ ಆಟ ಆಡೋದು. 1877ರಲ್ಲಿ ಇಟಲಿಯ ಖಗೋಳಜ್ಞ ಸ್ಕಿಯಾಪರೆಲ್ಲಿ ಮಂಗಳನ ಮೇಲೆ ಗೆರೆಗಳು ಕಾಣ್ತವೆ ಅಂದಿದ್ದು, ಅದನ್ನ ಜನ ಕಾಲುವೆ ಅಂತ ನಂಬಿದ್ದು, ಆಮೇಲೆ 1897ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1898ರಲ್ಲಿ ಪುಸ್ತಕ ಆದ ಎಚ್. ಜಿ. ವೆಲ್ಸ್ ಅವರ 'ವಾರ್ ಆಫ್ ದಿ ವರ್ಲ್ಡ್ಸ್' (ಮಂಗಳದೋರು ದೊಡ್ಡ ಸಿಲಿಂಡರ್‌ಗಳಲ್ಲಿ ಇಂಗ್ಲೆಂಡಿಗೆ ಬಂದಿಳಿದು, ಮೂರು ಕಾಲಿನ ದೈತ್ಯ ಯಂತ್ರ, ಅಂದ್ರೆ ಮುಕ್ಕಾಲಿಗಳಲ್ಲಿ ನಡೆದು, ಶಾಖಕಿರಣದಿಂದ ಊರು ಸುಡೋ ಕಥೆ), ಈ ಇಡೀ ಹವ್ಯಾಸದ ತಾಯಿಬೇರು ಅಲ್ಲೇ ಇರೋದು. ಅದೇ ವೆಲ್ಸ್ 1913ರಲ್ಲಿ ಆಟದ ಸಿಪಾಯಿಗಳನ್ನ ಇಟ್ಕೊಂಡು ಯುದ್ಧ ಆಡೋದಕ್ಕೆ ರೂಲ್ಸ್ ಪುಸ್ತಕವನ್ನೂ ಬರೆದ್ರು, ಹಾಗಾಗಿ ನನಗೆ ಅವರ ಮೇಲೆ ಡಬಲ್ ಪ್ರೀತಿ.

ಈ ಹವ್ಯಾಸದಲ್ಲಿ ದುಡ್ಡಿಗೆ ಕೊನೆ ಇಲ್ಲ. ಇಂಗ್ಲೆಂಡಿಂದ 28 ಮಿಮೀ ಮೆಟಲ್ ಗೊಂಬೆ ತರಿಸ್ತೀನಿ ಅಂದ್ರೆ ಒಂದೊಂದಕ್ಕೇ ಇನ್ನೂರು ಮುನ್ನೂರು ರೂಪಾಯಿ, ಮೇಲೆ ಕೊರಿಯರ್ರು, ಕಸ್ಟಮ್ಸು, ರೆಡಿಮೇಡ್ ರೆಸಿನ್ ಮುಕ್ಕಾಲಿ ಯಂತ್ರ ಒಂದಕ್ಕೆ ಹೋಗೋ ದುಡ್ಡಲ್ಲಿ ನಮ್ಮನೆ ತಿಂಗಳ ರೇಷನ್ ಬರುತ್ತೆ. ನಾನು ಇಟ್ಕೊಂಡ ಲೆಕ್ಕ ಒಟ್ಟು 5000, ಬ್ರಶ್ಶು ಬಣ್ಣ ಎಲ್ಲ ಸೇರಿ. ಅದರಲ್ಲಿ ಅರ್ಧ ಮನುಷ್ಯರ ಗೊಂಬೆಗೇ ಹಾಕ್ಬೇಕು ಅಂತ ಮೊದಲೇ ನಿರ್ಧಾರ ಮಾಡಿದ್ದೆ, ಯಾಕಂದ್ರೆ ಮನುಷ್ಯನ ಮುಖ, ಕೈ, ಬಂದೂಕು ಹಿಡಿದಿರೋ ಭಂಗಿ ಇವನ್ನ ಮನೇಲಿ ಮಾಡೋದು ತುಂಬ ಕಷ್ಟ, ಸ್ವಲ್ಪ ಸೊಟ್ಟ ಆದ್ರೂ ನೋಡಿದೋರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ. ಮಂಗಳದ ಯಂತ್ರ ಹಾಗಲ್ಲ, ಅದನ್ನ ಯಾರೂ ನೋಡಿಲ್ಲ, ಅಳತೆ ಒಂದು ಸರಿಯಾಗಿದ್ರೆ ಸೈಕಲ್ ಕಡ್ಡಿಯಲ್ಲಿ ಮಾಡಿದ್ರೂ ನಿಜ ಅನ್ಸುತ್ತೆ. ಇರೋ ವಸ್ತುಗಳನ್ನ, ಅಂದ್ರೆ ಸಮವಸ್ತ್ರ, ಫಿರಂಗಿ, ಮರ ಗಿಡ, ಎಷ್ಟು ನಿಖರವಾಗಿ ಮಾಡ್ತೀರೋ ಇಲ್ಲದ ವಸ್ತು ಅಷ್ಟು ನಂಬೋ ಹಾಗೆ ಆಗುತ್ತೆ. ಈ ಸೆಟ್ ಪೂರ್ತಿ ನಾನು ಇದೊಂದೇ ನಂಬಿಕೆ ಮೇಲೆ ಮಾಡಿದ್ದು.

ಸ್ಕೇಲು

1/72 ತಗೊಂಡೆ, ಅಂದ್ರೆ ನಿಜದ ಅಳತೆಯ 72ರಲ್ಲಿ ಒಂದು ಭಾಗ. 6 ಅಡಿ ಮನುಷ್ಯ ಈ ಸ್ಕೇಲಲ್ಲಿ ಸರಿಯಾಗಿ 1 ಇಂಚು ಬರ್ತಾನೆ, 25.4 ಮಿಮೀ, ಲೆಕ್ಕ ಹಾಕೋಕೆ ಇದಕ್ಕಿಂತ ಸುಲಭದ್ದು ಬೇಕಾ. ಮೆತ್ತನೆ ಪ್ಲಾಸ್ಟಿಕ್ ಗೊಂಬೆಗಳು ಒಂದು ಡಬ್ಬಿಯಲ್ಲಿ 40ರ ಮೇಲೆ ಬರ್ತವೆ, ಡಬ್ಬಿ ಸಾವಿರದಿಂದ ಸಾವಿರದೈನೂರರೊಳಗೆ ಸಿಕ್ತು, ಅಂದ್ರೆ ತಲೆಗೆ ಮೂವತ್ತು ರೂಪಾಯಿ ಆಸುಪಾಸು. 28 ಮಿಮೀ ಗೊಂಬೆ ಬಣ್ಣ ಹೊಡೆದಾಗ ತುಂಬ ಚೆನ್ನಾಗಿ ಕಾಣುತ್ತೆ, ಅದು ಒಪ್ತೀನಿ, ಆದ್ರೆ ದೊಡ್ಡ ಸ್ಕೇಲ್ ಅಂದ್ರೆ ಯಂತ್ರವೂ ದೊಡ್ಡದು, ಟೇಬಲ್ಲೂ ದೊಡ್ಡದು, ಇಡೋಕೆ ಬೀರೂನೂ ದೊಡ್ಡದು ಬೇಕು. ಬಾಡಿಗೆ ಮನೇಲಿ 1/72 ಸಾಕು.

ಸಿಪಾಯಿಗಳು

ಎಸ್ಕಿ ಕಂಪನಿಯೋರು ಹಿಂದೆ ಮಾಡಿದ್ದ ಜುಲು ಯುದ್ಧದ ಬ್ರಿಟಿಷ್ ಪದಾತಿಗಳು, ಆಮೇಲೆ ಇಟಲೇರಿ ಹೆಸರಲ್ಲಿ ಬಂದವು, ಅವೇ ನನ್ನ ಮೂಲ. ಇವು 1879ರ ದಕ್ಷಿಣ ಆಫ್ರಿಕಾದ ಸಿಪಾಯಿಗಳು. ನನಗೆ ಬೇಕಾಗಿರೋದು 1898ರ ಸುಮಾರಿಗೆ ಇಂಗ್ಲೆಂಡಿನ ಸರ್ರೆ ಜಿಲ್ಲೆ, ವೋಕಿಂಗ್ ಪಕ್ಕದ ಹಾರ್ಸೆಲ್ ಕಾಮನ್ ಅನ್ನೋ ಬಯಲು, ಕಥೆಯಲ್ಲಿ ಮೊದಲನೇ ಸಿಲಿಂಡರ್ ಬೀಳೋ ಮರಳು ಗುಂಡಿ. ಈ ಇಪ್ಪತ್ತು ವರ್ಷದಲ್ಲಿ ಏನೇನು ಬದಲಾಯ್ತು ಅಂತ ನೋಡಿ ಅಷ್ಟನ್ನ ಮಾತ್ರ ತಿದ್ದಿದ್ರೆ ಸಾಕು.

ಮೊದಲನೇದು ಹೆಲ್ಮೆಟ್. ಹೊರದೇಶದಲ್ಲಿ ಹಾಕ್ತಿದ್ದದ್ದು ಬಿಳಿ ಹೆಲ್ಮೆಟ್, ಆಫ್ರಿಕಾದಲ್ಲಿ ಅದು ದೂರಕ್ಕೇ ಕಾಣುತ್ತೆ ಅಂತ ಸಿಪಾಯಿಗಳು ಟೀ ಡಿಕಾಕ್ಷನ್ ಬಳಿದು ಕಂದು ಮಾಡ್ಕೋತಿದ್ರು. ಇಂಗ್ಲೆಂಡಿನ ಒಳಗೆ 1878ರಿಂದ ಕಡುನೀಲಿ ಬಟ್ಟೆ ಹೊದಿಸಿದ ಹೆಲ್ಮೆಟ್, ನೆತ್ತಿ ಮೇಲೆ ಹಿತ್ತಾಳೆ ಮೊಳೆ. ಆಕಾರ ಹತ್ತಿರ ಹತ್ತಿರ ಒಂದೇ, ಹಾಗಾಗಿ ಬಣ್ಣ ಬದಲಾಯಿಸಿ ಮೊಳೆ ಸೇರಿಸಿದ್ರೆ ಆಯ್ತು. ಮೊಳೆಗೆ ನಾನು ಬಳಸಿದ್ದು ಆಫೀಸಲ್ಲಿ ಪೇಪರ್ ಚುಚ್ಚೋ ಗುಂಡುಪಿನ್ನು. ಪಿನ್ನಿನ ಚೂಪು ತುದಿಯನ್ನ ಕಟಿಂಗ್ ಪ್ಲೇಯರಲ್ಲಿ 4 ಮಿಮೀ ಉದ್ದಕ್ಕೆ ಕತ್ತರಿಸಿ, ಅದನ್ನ ಇಕ್ಕಳದಲ್ಲಿ ಹಿಡಿದು ಮೇಣದಬತ್ತಿಗೆ ಒಂದು ಕ್ಷಣ ತೋರಿಸಿ, ಹೆಲ್ಮೆಟ್ಟಿನ ನೆತ್ತಿಗೆ ನೇರವಾಗಿ ಒತ್ತಿದ್ರೆ ಮೆತ್ತನೆ ಪ್ಲಾಸ್ಟಿಕ್ ಕರಗಿ ಪಿನ್ನನ್ನ ತಾನೇ ಹಿಡ್ಕೊಳ್ಳುತ್ತೆ, ಅಂಟು ಬೇಡವೇ ಬೇಡ. ಚೂಪು ತುದಿ ಮೇಲಕ್ಕೆ ಒಂದೂವರೆ ಮಿಮೀ ಕಂಡ್ರೆ ಸಾಕು. ಇನ್ನು ಫಿರಂಗಿ ದಳದೋರ ಹೆಲ್ಮೆಟ್ಟಿಗೆ ಮೊಳೆ ಬದಲು ಗುಂಡು ಇರ್ತಿತ್ತು, ಅದಕ್ಕೆ ಅದೇ ಪಿನ್ನಿನ ಇನ್ನೊಂದು ತುದಿ! ಗುಂಡು ಇದ್ದ ಹಾಗೇ ಹಾಕಿದ್ರೆ ಈ ಸ್ಕೇಲಿಗೆ ದಪ್ಪ ಕಾಣುತ್ತೆ, ಫೈಲಲ್ಲಿ ಸುತ್ತ ಉಜ್ಜಿ ಅರ್ಧಕ್ಕೆ ಇಳಿಸಿ ಆಮೇಲೆ ಹಾಕಿ. ಒಂದು ಪಿನ್ನಿಗೆ ಒಬ್ಬ ಪದಾತಿ, ಒಬ್ಬ ಗೋಲಂದಾಜ, ವೇಸ್ಟೇ ಇಲ್ಲ.

ಎರಡನೇದು ಕಾಲರ್ರು ಮತ್ತು ತೋಳಿನ ಪಟ್ಟಿ ಬಣ್ಣ. 1879ರಲ್ಲಿ ಒಂದೊಂದು ರೆಜಿಮೆಂಟಿಗೆ ಒಂದೊಂದು, ಜುಲು ಯುದ್ಧದ ಇಸಾಂಡ್ಲ್ವಾನಾ ಕಾಳಗದಲ್ಲಿ ಸತ್ತ 24ನೇ ರೆಜಿಮೆಂಟಿಂದು ಹಸಿರು. 1881ರ ಸೇನಾ ಸುಧಾರಣೆ ಆದ್ಮೇಲೆ ಇಂಗ್ಲಿಷ್ ರೆಜಿಮೆಂಟುಗಳಿಗೆ ಬಿಳಿ, 'ರಾಯಲ್' ಅಂತ ಬಿರುದು ಇರೋವಕ್ಕೆ ಕಡುನೀಲಿ. ಸರ್ರೆಯಲ್ಲಿ ಎರಡೂ ಇದ್ವು, ಈಸ್ಟ್ ಸರ್ರೆಗೆ ಬಿಳಿ, ಕ್ವೀನ್ಸ್ ರಾಯಲ್ ವೆಸ್ಟ್ ಸರ್ರೆಗೆ ನೀಲಿ. ನಾನು ಅರ್ಧರ್ಧ ಮಾಡ್ದೆ, ಆಟದಲ್ಲಿ ಎರಡು ಕಂಪನಿ ಅಂತ ಗುರುತು ಹಿಡಿಯೋಕೂ ಅನುಕೂಲ. ಬಂದೂಕು ಮಾರ್ಟಿನಿ ಹೆನ್ರಿ ಇದೆ, ಆ ಹೊತ್ತಿಗೆ ಲೀ ಮೆಟ್‌ಫರ್ಡ್ ಬಂದಾಗಿತ್ತು, 1888ರಲ್ಲೇ ಸೇನೆಗೆ ಸೇರಿದ್ದು. ಅದಕ್ಕೆ ಟ್ರಿಗರ್ ಮುಂದೆ ಒಂದು ಸಣ್ಣ ಮ್ಯಾಗಜೀನ್ ಡಬ್ಬಿ ಇರುತ್ತೆ, ಹಳೇ ಎಟಿಎಂ ಕಾರ್ಡಿಂದ ಎಳ್ಳಿನಷ್ಟು ತುಂಡು ಕತ್ತರಿಸಿ ಫೆವಿಕ್ವಿಕ್ಕಲ್ಲಿ ಅಂಟಿಸಬಹುದು. ಮುಂದಿನ ಸಾಲಿನೋರಿಗೆ ಮಾತ್ರ ಮಾಡಿದೀನಿ, ಹಿಂದಿನೋರದ್ದು ಯಾರಿಗೂ ಕಾಣಲ್ಲ.

ಬಣ್ಣ ಹಿಡಿಸೋದು ಮೆತ್ತನೆ ಪ್ಲಾಸ್ಟಿಕ್ಕಿನ ದೊಡ್ಡ ತಲೆನೋವು. ಗೊಂಬೆ ಬಗ್ಗುತ್ತೆ, ಬಣ್ಣ ಬಗ್ಗಲ್ಲ, ಸಿಪ್ಪೆ ಥರ ಏಳುತ್ತೆ, ಬಯೊನೆಟ್ಟು ಬಂದೂಕಿನ ತುದಿ ಇವೇ ಮೊದಲು ಹೋಗೋದು. ಇದಕ್ಕೆ ನನ್ನ ಕ್ರಮ ಹೀಗೆ: ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿದ ಬಿಸಿನೀರಲ್ಲಿ ಹಳೇ ಟೂತ್‌ಬ್ರಶ್ಶಲ್ಲಿ ಚೆನ್ನಾಗಿ ಉಜ್ಜಿ ತೊಳೆದು (ಅಚ್ಚಿನ ಎಣ್ಣೆ ಜಿಡ್ಡು ಹೋಗ್ಲೇಬೇಕು), ಒಣಗಿದ್ಮೇಲೆ ನೀರು ಬೆರೆಸಿದ ಫೆವಿಕಾಲ್ ತೆಳ್ಳಗೆ ಒಂದು ಕೋಟ್, ಅದರ ಮೇಲೆ ಫ್ಯಾಬ್ರಿಕ್ ಪೇಂಟು. ಹೌದು, ಸೀರೆ ಮೇಲೆ ಹೂವು ಬಿಡಿಸೋ ಫೆವಿಕ್ರಿಲ್ ಬಾಟಲಿಗಳೇ. ಅದು ಅಕ್ರಿಲಿಕ್ಕು, ಬಟ್ಟೆ ಜೊತೆ ಮಡಚಬೇಕು ಅಂತಲೇ ಮಾಡಿರೋದ್ರಿಂದ ಗೊಂಬೆ ಬಗ್ಗಿದ್ರೂ ಬಿರುಕು ಬಿಡೋದು ಕಡಿಮೆ, ಬೆಲೆಯೂ ಹವ್ಯಾಸದ ಬಣ್ಣಗಳ ಕಾಲುಭಾಗ ಇಲ್ಲ. ಗಟ್ಟಿ ಇರುತ್ತೆ, ನೀರು ಹಾಕಿ ಎರಡು ತೆಳು ಕೋಟ್ ಹೊಡೀರಿ, ಒಂದೇ ದಪ್ಪ ಕೋಟಲ್ಲಿ ಮುಗಿಸೋಕೆ ಹೋದ್ರೆ ಮುಖದ ಗೆರೆ ಎಲ್ಲ ಮುಚ್ಚೋಗುತ್ತೆ. ಕೊನೆಗೆ ವಾರ್ನಿಶ್ಶಿಗೆ ವಾಲ್‌ನಟ್ ಬಣ್ಣದ ವುಡ್ ಸ್ಟೇನ್ ಸ್ವಲ್ಪ ಸೇರಿಸಿ ಮೈ ಮೇಲೆಲ್ಲ ಹಚ್ಚಿ ಹೆಚ್ಚಾಗಿದ್ದನ್ನ ಒಣ ಬ್ರಶ್ಶಲ್ಲಿ ಹೀರಿ ತೆಗೆದ್ರೆ ಕೋಟಿನ ಮಡಿಕೆ, ಬೆರಳ ಸಂದು, ಬೆಲ್ಟಿನ ಅಂಚು ಎಲ್ಲ ಕಡೆ ನೆರಳು ಕೂತ್ಕೊಂಡು ಸಿಪಾಯಿಗೆ ಜೀವ ಬರುತ್ತೆ. ಮೊದಲ ಸಲ ಇದನ್ನ ನೋಡಿದಾಗ ಆಗೋ ಖುಷಿ ಹೇಳಕ್ಕಾಗಲ್ಲ.

ಗೊಂಬೆ ನಿಲ್ಲಿಸೋ ಬೇಸ್‌ಗೆ ಎಂ10 ವಾಷರ್ (10 ಮಿಮೀ ಬೋಲ್ಟಿಗೆ ಹಾಕೋದು). ಹೊರಗಿನ ವ್ಯಾಸ 20 ಮಿಮೀ, ಬೆಂಗಳೂರಿನ ಎಸ್‌ಪಿ ರೋಡಲ್ಲಿ ತೂಕಕ್ಕೆ ಸಿಗುತ್ತೆ, ನಡುವಿನ ತೂತಿಗೆ ಹಿಂದಿನಿಂದ ಪೇಪರ್ ಅಂಟಿಸಿ ಮೇಲೆ ಫೆವಿಕಾಲ್, ಜರಡಿ ಹಿಡಿದ ಮರಳು. ಕಬ್ಬಿಣ ಆದ್ರಿಂದ ಗೊಂಬೆ ಉರುಳಲ್ಲ, ಜೊತೆಗೆ ಐಸ್‌ಕ್ರೀಂ ಡಬ್ಬಿ ತಳಕ್ಕೆ ಮ್ಯಾಗ್ನೆಟ್ ಶೀಟ್ ಅಂಟಿಸಿದ್ರೆ ಇಡೀ ಪಲ್ಟನ್ನು ನಿಂತಲ್ಲೇ ನಿಲ್ಲುತ್ತೆ, ಬಸ್ಸಲ್ಲಿ ಫ್ರೆಂಡ್ ಮನೆಗೆ ತಗೊಂಡೋದ್ರೂ ಬಣ್ಣ ಉಜ್ಜೋಗಲ್ಲ. ಕೆಲವರು ನಾಣ್ಯ ಬಳಸ್ತಾರೆ, ನನಗೆ ಅದು ಇಷ್ಟ ಇಲ್ಲ, ದುಡ್ಡಿಗೆ ಅಂಟು ಬಳಿಯೋದು ಬೇಡ.

ಫಿರಂಗಿ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಆ ಕಾಲದ 12 ಪೌಂಡರ್ (12 ಪೌಂಡ್ ತೂಕದ ಗುಂಡು ಹಾರಿಸೋ ಫಿರಂಗಿ) ನಳಿಕೆ ಹತ್ತಿರ ಹತ್ತಿರ 7 ಅಡಿ, ನಮ್ಮ ಸ್ಕೇಲಲ್ಲಿ 3 ಸೆಂ.ಮೀ., ಖಾಲಿ ರಿಫಿಲ್ಲು ಸಾಕು, ಹಿಂಭಾಗಕ್ಕೆ ಪೇಪರ್ ಪಟ್ಟಿ ಸುತ್ತಿ ದಪ್ಪ ಮಾಡಿ. ಚಕ್ರ ಸುಮಾರು 5 ಅಡಿ, ಅಂದ್ರೆ 21 ಮಿಮೀ. ಮನೆ ವೈರಿಂಗಿಗೆ ಹಾಕೋ 20 ಮಿಮೀ ಪಿವಿಸಿ ಪೈಪನ್ನ ಹ್ಯಾಕ್ಸಾದಲ್ಲಿ ಬಳೆ ಥರ ತೆಳ್ಳಗೆ ಕೊಯ್ದ್ರೆ ಅದೇ ಚಕ್ರದ ಹೊರಪಟ್ಟಿ. ರಟ್ಟಿನ ಮೇಲೆ 30 ಡಿಗ್ರಿಗೊಂದು ಗೆರೆ ಎಳೆದು, ಡಬಲ್ ಟೇಪಲ್ಲಿ ಬಳೆಯನ್ನ ಅದರ ಮೇಲೆ ಕೂರಿಸಿ, ನಡುವೆ ಮಣಿ ಇಟ್ಟು, ಗೆರೆ ಗೆರೆಗೂ ಕಡ್ಡಿಪೊರಕೆಯ ಸಣ್ಣ ತುಂಡು ಇಟ್ಟು ಅಂಟಿಸ್ತಾ ಹೋಗಿ. ತಾಳ್ಮೆ ಕೆಲಸ, ಆದ್ರೆ 12 ಕಡ್ಡಿ ಕೂತ ಚಕ್ರ ಕೈಗೆ ಬಂದಾಗ ಅಂಗಡಿಯಿಂದ ತಂದಿದ್ದು ಯಾವುದೂ ಅದಕ್ಕೆ ಸಮ ಅಲ್ಲ. ಫಿರಂಗಿ ದಳದ ಕೋಟು ಕಡುನೀಲಿ, ಕಾಲರ್ ಕೆಂಪು, ಪ್ಯಾಂಟಿನ ಪಕ್ಕ ಕೆಂಪು ಪಟ್ಟಿ. ಫಿರಂಗಿ ಇಲ್ದೆ ಸರ್ರೆ ಸೆಟ್ ಆಗಲ್ಲ, ಯಾಕಂದ್ರೆ ಕಥೆಯಲ್ಲಿ ಮೊದಲ ಮುಕ್ಕಾಲಿಯನ್ನ ಕೆಡವೋದೇ ನದಿ ದಂಡೆಯ ಫಿರಂಗಿಗಳು, ಗುಂಡು ನೇರ ಅದರ ತಲೆಗೆ ಬೀಳುತ್ತೆ.

ಮುಕ್ಕಾಲಿ

ಈಗ ನನ್ನ ಮನಸ್ಸಿಗೆ ತುಂಬ ಹತ್ತಿರದ ಭಾಗ. ಪುಸ್ತಕದ ಪ್ರಕಾರ ಪತ್ರಿಕೆಗಳು ಇದರ ಎತ್ತರ ಸುಮಾರು 100 ಅಡಿ ಅಂತ ಬರೀತಾವೆ, ಕಣ್ಣಾರೆ ಕಂಡ ನಿರೂಪಕ ಮನೆಗಳಿಗಿಂತ ಎತ್ತರ ಅಂತಾನೆ. 100 ಅಡಿ ಅಂದ್ರೆ ನಮ್ಮ ಸ್ಕೇಲಲ್ಲಿ 42 ಸೆಂ.ಮೀ., ಟೇಬಲ್ ಮೇಲೆ ಅಷ್ಟೆತ್ತರದ್ದು ಮೂರು ಇಟ್ರೆ ಎದುರು ಕೂತೋರ ಮುಖವೇ ಕಾಣಲ್ಲ, ತಗುಲಿ ಬೀಳ್ತಾನೂ ಇರುತ್ತೆ. ಗಾಬರಿಯಾದ ಕಾಲದಲ್ಲಿ ಪತ್ರಿಕೆಯೋರು ಸ್ವಲ್ಪ ಜಾಸ್ತಿನೇ ಬರೆದಿರ್ತಾರೆ ಅಂತ ಇಟ್ಕೊಂಡು ನಾನು 30 ಸೆಂ.ಮೀ. ಮಾಡ್ದೆ, ನಿಜದ ಲೆಕ್ಕದಲ್ಲಿ 70 ಅಡಿ. ಸಿಪಾಯಿ ಪಕ್ಕ ನಿಲ್ಲಿಸಿದ್ರೆ ಹನ್ನೆರಡು ಪಟ್ಟು, ಎದೆ ಝಲ್ ಅನ್ನೋಕೆ ಅಷ್ಟು ಸಾಕು.

ಕಾಲಿಗೆ ಸೈಕಲ್ ಸ್ಪೋಕು. 2 ಮಿಮೀ ದಪ್ಪ, ದೊಡ್ಡ ಸೈಕಲ್ಲಿಂದಾದ್ರೆ 29, 30 ಸೆಂ.ಮೀ. ಉದ್ದ, ಗಟ್ಟಿ, ಬಗ್ಗಿಸಿದ್ರೆ ಬಗ್ಗಿದ ಹಾಗೇ ಇರುತ್ತೆ. ನಮ್ಮ ಬೀದಿ ಕೊನೆ ಸೈಕಲ್ ಶಾಪಿಗೆ ಹೋಗಿ "ಅಣ್ಣಾ, ಹಳೇ ಸ್ಪೋಕಿದ್ರೆ ಒಂದಿಷ್ಟು ಕೊಡ್ತೀರಾ" ಅಂದೆ, "ಆ ಡಬ್ಬದಲ್ಲಿದೆ ನೋಡಿ ಸಾರ್, ಸೊಟ್ಟ ಇಲ್ದಿರೋದು ಆರಿಸ್ಕೊಳ್ಳಿ, ಏನ್ ಮಾಡ್ತೀರಾ ಇದನ್ನ" ಅಂದ್ರು. ಫೋನಲ್ಲಿ ಫೋಟೋ ತೋರಿಸಿ ಹೇಳ್ದೆ. ಪೂರ್ತಿ ಕೇಳಿಸ್ಕೊಂಡು "ಹಂಗಾದ್ರೆ ಬ್ರೇಕ್ ವೈರೂ ತಗೊಂಡೋಗಿ, ಬಿಚ್ಚಿದ್ರೆ ಎಳೆ ಎಳೆ ಬರುತ್ತೆ, ಕೈ ಮಾಡ್ಬೋದು" ಅಂತ ಅವರೇ ಹೇಳಿದ್ರು. ನಿಜವಾಗ್ಲೂ ಅದ್ಭುತ ಐಡಿಯಾ. ಬ್ರೇಕ್ ವೈರಿನ ತುದಿ ಬಿಚ್ಚಿದ್ರೆ ಒಳಗಿನ ಉಕ್ಕಿನ ಎಳೆಗಳು ತಿರುಚಿದ ಆಕಾರ ಬಿಡೋದೇ ಇಲ್ಲ, ಸುರುಳಿ ಸುರುಳಿಯಾಗಿ ತೂಗಾಡ್ತಾವೆ, ಮಂಗಳದ ಯಂತ್ರದ ಸೊಂಡಿಲಂಥ ಕೈಗಳಿಗೆ ಅಂತಲೇ ಹುಟ್ಟಿದ ಹಾಗಿದೆ. ಕತ್ತರಿಸೋವಾಗ ಕಣ್ಣಿಗೆ ಕನ್ನಡಕ ಇರ್ಲಿ, ತುಂಡು ಹಾರುತ್ತೆ.

ತಲೆಗೆ ಚನ್ನಪಟ್ಟಣದ ಬುಗುರಿ. ಪ್ಲಾಸ್ಟಿಕ್ ಡಬ್ಬಿ ಮುಚ್ಚಳ, ಕಿಂಡರ್ ಜಾಯ್ ಚಿಪ್ಪು ಎಲ್ಲ ಇಟ್ಟು ನೋಡ್ದೆ, ಯಾವುದ್ರಲ್ಲೂ ಆ ಭಾರವಾದ, ಮುಂದಕ್ಕೆ ಬಾಗಿ ನೋಡೋ ಗತ್ತು ಬರಲಿಲ್ಲ. ಆಲೆ ಮರದಲ್ಲಿ ಕಡೆದ 5 ಸೆಂ.ಮೀ. ಅಗಲದ ಬುಗುರಿ ಅಡ್ಡ ಹಿಡಿದು ಸ್ವಲ್ಪ ಕೆಳಗೆ ವಾಲಿಸಿದ ತಕ್ಷಣ ಇದೇ ಅಂತ ಗೊತ್ತಾಯ್ತು: ಕಡೆದ ಗೆರೆಗಳು ಕವಚದ ಅಂಚುಗಳ ಥರ, ಚೂಪು ಭಾಗ ಮೂತಿ ಥರ. ಮರ ಹಗುರ, ಮೆತ್ತಗೆ, ಕೈ ಡ್ರಿಲ್ಲಿಗೆ ಸಲೀಸಾಗಿ ಬಗ್ಗುತ್ತೆ. ಆದ್ರೆ ಮೇಲಿರೋ ಅರಗಿನ ಬಣ್ಣ ತೆಗೀಲೇಬೇಕು, ನುಣುಪು ಜಾಸ್ತಿ ಆದ್ರಿಂದ ಅದರ ಮೇಲೆ ಪೇಂಟ್ ಕೂರಲ್ಲ. ಅರಗು ಸ್ಪಿರಿಟ್ಟಲ್ಲಿ ಕರಗುತ್ತೆ, ಬಟ್ಟೆಗೆ ಹಾಕ್ಕೊಂಡು ಒರೆಸ್ತಾ ಹೋದ್ರೆ ಬರುತ್ತೆ, ಆಮೇಲೆ ಸ್ಯಾಂಡ್‌ಪೇಪರ್. ಪವರ್ ಡ್ರಿಲ್ ಬೇಡ, ಬಿಸಿಗೆ ಉಳಿದ ಅರಗು ಅಂಟಂಟಾಗಿ ಬಿಟ್ಟಿಗೆ ಸುತ್ಕೊಳ್ಳುತ್ತೆ.

ಜೋಡಣೆ ಹೀಗೆ. ಥರ್ಮಾಕೋಲ್ ಹಲಗೆ ಮೇಲೆ ಕಂಪಾಸಲ್ಲಿ 10 ಸೆಂ.ಮೀ. ತ್ರಿಜ್ಯದ ವೃತ್ತ ಎಳೀರಿ, ಅದೇ ಅಳತೆಯಲ್ಲಿ ಸುತ್ತ ಆರು ಗುರುತು ಹಾಕಿ ಒಂದು ಬಿಟ್ಟು ಒಂದು ತಗೊಂಡ್ರೆ ಮೂರು ಪಾದದ ಜಾಗ ಸಿಕ್ತು, ಒಂದರಿಂದ ಒಂದಕ್ಕೆ 17 ಸೆಂ.ಮೀ. ಚಿಲ್ಲರೆ. ಸ್ಪೋಕಿನ ಕೆಳತುದಿ ಅಲ್ಲಿ ಚುಚ್ಚಿ ಮೇಲ್ತುದಿ ಮೂರನ್ನೂ ನಡುವೆ ಸೇರಿಸಿದ್ರೆ ಎತ್ತರ 27 ಸೆಂ.ಮೀ. ಬರುತ್ತೆ, ಮೇಲೆ ಬುಗುರಿ ಕೂತಾಗ 30ರ ಲೆಕ್ಕ ಸರಿಹೋಗುತ್ತೆ. ಈ ಅಗಲ ಮುಖ್ಯ, ಇದಕ್ಕಿಂತ ಕಡಿಮೆ ಆದ್ರೆ ಟೇಬಲ್ ಅಲ್ಲಾಡಿದ್ರೆ ಉರುಳುತ್ತೆ, ಜಾಸ್ತಿ ಆದ್ರೆ ನಡೆಯೋ ಯಂತ್ರ ಅನ್ಸಲ್ಲ, ಕ್ಯಾಮೆರಾ ಸ್ಟ್ಯಾಂಡ್ ಅನ್ಸುತ್ತೆ. ಒಂದು ಕಾಲನ್ನ ಮೊಣಕಾಲಲ್ಲಿ ಸ್ವಲ್ಪ ಜಾಸ್ತಿ ಬಗ್ಗಿಸಿ ಪಾದ ನೆಲದಿಂದ ಎತ್ತಿದ ಹಾಗೆ ಮಾಡೋ ಆಸೆ ಇತ್ತು, ಮೂರರಲ್ಲಿ ಒಂದನ್ನ ಹಾಗೆ ಮಾಡಿದೀನಿ, ಅದಕ್ಕೆ ಮಾತ್ರ ಅಡಿಯಲ್ಲಿ ಸಿಡಿ ಬೇಸು ಕೊಟ್ಟಿದೀನಿ.

ಬುಗುರಿ ಅಡಿಗೆ 2 ಮಿಮೀ ತೂತು ಮೂರು, ಕಾಲು ಇಳಿಯೋ ಕೋನಕ್ಕೇ ಡ್ರಿಲ್ ವಾಲಿಸಿ ಕೊರೀಬೇಕು, ಅರಾಲ್ಡೈಟ್ ತುಂಬಿ ಸ್ಪೋಕ್ ಕೂರಿಸಿ ರಾತ್ರಿ ಪೂರ್ತಿ ಮುಟ್ಟಬಾರದು. ಸ್ಪೋಕ್ ಕೂರಿಸೋಕೆ ಮೊದ್ಲೇ ಒಂದೊಂದಕ್ಕೂ ಒಂದೊಂದು ಮರದ ಮಣಿ ಪೋಣಿಸಿ ಇಟ್ಕೊಳ್ಳಿ, ಅದು ಮೊಣಕಾಲು. ಕೀಲುಗಳಿಗೆ, ಪಾದಕ್ಕೆ ಎಂಸೀಲು. ಎರಡು ಉಂಡೆಯನ್ನ ಸಮ ತಗೊಂಡು ಬಿಳಿ ಕಪ್ಪು ಗೆರೆ ಒಂದೂ ಕಾಣದೆ ಪೂರ್ತಿ ಒಂದೇ ಬೂದು ಬಣ್ಣ ಆಗೋ ತನಕ ನಾದಬೇಕು, ಅರ್ಧ ಗಂಟೆಯೊಳಗೆ ಕೆಲಸ ಮುಗೀಬೇಕು, ಬೆರಳು ಒದ್ದೆ ಇದ್ರೆ ಅಂಟಲ್ಲ, ಮೇಲ್ಮೈ ನಯವಾಗಿ ಬರುತ್ತೆ. ಪಾದದೊಳಗೆ ಒಂದೊಂದು ವಾಷರ್ ಹುದುಗಿಸಿದೀನಿ, ಭಾರ ಕೆಳಗೆ ಬಂದು ನಿಲುವು ಭದ್ರ ಆಯ್ತು. ಬೆನ್ನ ಹಿಂದೆ ಹಿಡಿದ ಮನುಷ್ಯರನ್ನ ತುಂಬೋ ಬುಟ್ಟಿ ಇರುತ್ತೆ, ಅದಕ್ಕೆ ಹರಿದ ಟೀ ಸೋಸೋ ಜಾಲರಿ. ಶಾಖಕಿರಣದ ಪೆಟ್ಟಿಗೆಗೆ ಬಾಲ್‌ಪೆನ್ನಿನ ಬಟನ್ ಭಾಗ, ತುದಿಗೆ ಜರ್ದೋಸಿ ಕೆಲಸದ ಒಂದು ಹಸಿರು ಕಲ್ಲು. ಬಣ್ಣ: ಮೊದಲು ಕಪ್ಪು, ಮೇಲಿಂದ ಮಾತ್ರ ಬೆಳ್ಳಿ ಸ್ಪ್ರೇ, ಆಮೇಲೆ ಅದೇ ವಾಲ್‌ನಟ್ ಸ್ಟೇನು. ಹಿತ್ತಾಳೆ ಬಣ್ಣ ನಾನು ಮಂಗಳದೋರಿಗೆ ಹಚ್ಚಲಿಲ್ಲ, ಹಿತ್ತಾಳೆ ಭೂಮಿಯೋರದ್ದು, ಅವರ ಯಂತ್ರ ಥಳಥಳ ಹೊಳೆಯೋ ಬೇರೆಯದೇ ಲೋಹ, ಎರಡು ಕಡೆಯೋರು ಟೇಬಲ್ ಮೇಲೆ ಬೇರೆ ಬೇರೆ ಲೋಕದೋರು ಅನ್ಸ್ಬೇಕು ಅಂದ್ರೆ ಲೋಹದ ಬಣ್ಣವೂ ಬೇರೆ ಇರ್ಬೇಕು. ನಡೆಯೋವಾಗ ಕೀಲುಗಳಿಂದ ಹಸಿರು ಹೊಗೆ ಚಿಮ್ಮುತ್ತೆ ಅಂತ ವೆಲ್ಸ್ ಬರೆದಿದಾರೆ, ಹತ್ತಿಗೆ ತೆಳು ಹಸಿರು ಬಣ್ಣ ಹಾಕಿ ಮೊಣಕಾಲಿಗೆ ಸಿಕ್ಕಿಸಿದ್ರೆ ಅದೂ ಆಯ್ತು.

ಉಗಿ ಗಾಡಿ

ಮನುಷ್ಯರ ಕಡೆಗೂ ಒಂದು ಯಂತ್ರ ಬೇಕಲ್ಲ. ಇಲ್ಲಿ ಕಲ್ಪನೆಗಿಂತ ಚರಿತ್ರೆಯೇ ಚೆನ್ನಾಗಿದೆ. ಎಡಿನ್‌ಬರೋದ ಆರ್. ಡಬ್ಲ್ಯು. ಥಾಮ್ಸನ್ 1867ರಲ್ಲಿ ಪೇಟೆಂಟ್ ತಗೊಂಡ ರೋಡ್ ಸ್ಟೀಮರ್, ಮೂರು ಚಕ್ರ, ದಪ್ಪ ರಬ್ಬರ್ ಟಯರು, ನಿಂತಿರೋ ಬಾಯ್ಲರು. 1870ರ ದಶಕದ ಶುರುವಿನಲ್ಲಿ ಆರ್. ಇ. ಬಿ. ಕ್ರಾಂಪ್ಟನ್ ಅನ್ನೋ ಸೇನಾಧಿಕಾರಿ ಈ ಗಾಡಿಗಳನ್ನ ನಮ್ಮ ದೇಶಕ್ಕೇ ತಂದು ಪಂಜಾಬಿನ ರಸ್ತೆಗಳಲ್ಲಿ ರೈಲಿನ ಥರ ಓಡಿಸಿ ತೋರಿಸಿದ್ರು. ನಮ್ಮನೆ ಫ್ಯಾನಿನ ಮೇಲಿರೋ ಕ್ರಾಂಪ್ಟನ್ ಅವರೇ! ಆಮೇಲೆ ವಿದ್ಯುತ್ ಕಡೆ ಹೋಗಿ ಕಂಪನಿ ಕಟ್ಟಿದ್ದು. ಇನ್ನು ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಸಮಯದಲ್ಲಿ 1900ರಲ್ಲಿ ಫೌಲರ್ ಕಂಪನಿಯೋರು ಉಕ್ಕಿನ ಹೊದಿಕೆ ಹಾಕಿದ ಉಗಿ ಗಾಡಿಗಳನ್ನೂ ಮಾಡಿದ್ರು. ಈ ಎರಡನ್ನ ಸೇರಿಸಿದ್ದೇ ನನ್ನ ಗಾಡಿ: ಥಾಮ್ಸನ್ನಿನ ಮೂರು ಚಕ್ರ, ಫೌಲರ್ ಕವಚ, ಮುಂದೆ ಒಂದು ಮ್ಯಾಕ್ಸಿಮ್ ಮೆಷಿನ್ ಗನ್ನು.

ಬಾಯ್ಲರಿಗೆ ಖಾಲಿ ಗ್ಲೂ ಸ್ಟಿಕ್ ಕೊಳವೆ, ಚಕ್ರಕ್ಕೆ ಎರಡು ಕೋಟ್ ಗುಂಡಿ ಬೆನ್ನಿಗೆ ಬೆನ್ನು ಅಂಟಿಸಿ ಸುತ್ತ ಪೈಪಿಗೆ ಹಾಕೋ ರಬ್ಬರ್ ರಿಂಗು. ಕವಚ ಹಳೇ ಎಟಿಎಂ ಕಾರ್ಡು. ರಿವೆಟ್ ಕೆಲಸಕ್ಕೆ ಸೀರೆ ಮೇಲೆ ಉಬ್ಬು ಗೆರೆ ಎಳೆಯೋ 3ಡಿ ಔಟ್‌ಲೈನರ್ ಕೋನ್ ತಗೊಳ್ಳಿ, ಸ್ಕೇಲ್ ಇಟ್ಟು ಪೆನ್ಸಿಲಲ್ಲಿ 3 ಮಿಮೀಗೊಂದು ಚುಕ್ಕೆ ಗುರುತು ಮಾಡ್ಕೊಂಡು ಅದರ ಮೇಲೆ ಕೋನ್ ಮುಟ್ಟಿಸಿ ನೇರ ಮೇಲಕ್ಕೆ ಎತ್ತಿದ್ರೆ ದುಂಡನೆ ರಿವೆಟ್ಟು. ಮೂತಿ ಎತ್ತಿದ ಕಡೆ ಬಾಲ ಬಂದ್ರೆ ಒದ್ದೆ ಪಿನ್ನಲ್ಲಿ ಒತ್ತಿಬಿಡಿ. ಗಾಡಿಗೆ ಕಡುಹಸಿರು, ಗೇಜು ಪೈಪುಗಳಿಗೆ ಹಿತ್ತಾಳೆ ಬಣ್ಣ, ಚಿಮಣಿ ಬಾಯಿ ಸುತ್ತ ನಿಜವಾದ ಮಸಿ, ದೀಪದ ಕುಡಿ ಮೇಲೆ ಚಮಚ ಹಿಡಿದು ತೆಗೆದದ್ದು.

ಹಾರ್ಸೆಲ್ ಕಾಮನ್ ಟೇಬಲ್ಲು

ಸಿಲಿಂಡರ್ ವ್ಯಾಸ ಪುಸ್ತಕದಲ್ಲಿ 30 ಗಜ. ಸ್ಕೇಲಿಗೆ ಇಳಿಸಿದ್ರೆ 38 ಸೆಂ.ಮೀ.! ಬಹಳ ಜನ ಇದನ್ನ ಡಿಯೋಡರೆಂಟ್ ಡಬ್ಬಿಯಷ್ಟು ಮಾಡಿಬಿಡ್ತಾರೆ, ಆಗ ಅದರೊಳಗಿಂದ ಮುಕ್ಕಾಲಿ ಬಂತು ಅಂದ್ರೆ ಯಾರೂ ನಂಬಲ್ಲ. ಅದು ಮಣ್ಣಲ್ಲಿ ಹೂತಿರೋದ್ರಿಂದ ನಮಗೆ ಮೇಲಿನ ತುದಿ ಮಾತ್ರ ಸಾಕು. 20 ಲೀಟರ್ ಪೇಂಟ್ ಬಕೆಟ್ಟಿನ ಮುಚ್ಚಳ ಮತ್ತು ಮೇಲಿನ ನಾಲ್ಕು ಬೆರಳಷ್ಟು ಭಾಗ ಕೊಯ್ಕೊಂಡೆ, ಸುಮಾರು 30 ಸೆಂ.ಮೀ. ಅಗಲ ಇದೆ, ವಾಲಿಸಿ ಹೂತರೆ ಒಪ್ಪುತ್ತೆ. ಮುಚ್ಚಳ ತಿರುಗಿ ಬಿಚ್ಕೊಳ್ಳೋವಾಗ ಸುಮಾರು 2 ಅಡಿ ಹೊಳೆಯೋ ಸ್ಕ್ರೂ ಹೊರಗೆ ಬಂದಿರುತ್ತೆ, ಸ್ಕೇಲಲ್ಲಿ ಎಂಟೂವರೆ ಮಿಮೀ, 4 ಮಿಮೀ ದಪ್ಪದ ಹುರಿಯನ್ನ ಮುಚ್ಚಳದ ಅಡಿಗೆ ಎರಡು ಸುತ್ತು ಸುತ್ತಿ ಬೆಳ್ಳಿ ಬಣ್ಣ ಹೊಡೆದ್ರೆ ಅಳತೆಗೆ ಅಳತೆ.

ನೆಲ ಟಿವಿ ಪ್ಯಾಕಿಂಗಿನ ಥರ್ಮಾಕೋಲು. ಸ್ಪ್ರೇ ಪೇಂಟ್ ನೇರ ತಾಗಿದ್ರೆ ಥರ್ಮಾಕೋಲ್ ಕರಗುತ್ತೆ, ಮೊದಲು ಫೆವಿಕಾಲ್ ಮತ್ತು ನ್ಯೂಸ್‌ಪೇಪರ್ ಒಂದು ಪದರ, ಮೇಲೆ ವಾಲ್ ಪುಟ್ಟಿ, ಮರಳು. ಸರ್ರೆಯ ಈ ಜಾಗ ಮರಳು ನೆಲದ ಕುರುಚಲು ಬಯಲು, ನೇರಳೆ ಹೂವಿನ ಹೆದರ್ ಪೊದೆ, ಹಳದಿ ಹೂವಿನ ಮುಳ್ಳುಗಿಡ ಗಾರ್ಸ್, ಅಲ್ಲಲ್ಲಿ ಪೈನ್ ಮರ. ನಮ್ಮ ಕಣ್ಣಿಗೆ ರೂಢಿ ಇರೋ ಹಚ್ಚ ಹಸಿರು ಬಳಿದ್ರೆ ಊರೇ ಬದಲಾಗಿಬಿಡುತ್ತೆ, ಕಂದು ಜಾಸ್ತಿ, ಹಸಿರು ಕಮ್ಮಿ ಇರ್ಬೇಕು. ಪೈನಿಗೆ ತೆಂಗಿನ ನಾರು: ಎರಡು ಕಟ್ಟು ತಂತಿ ನಡುವೆ ನಾರು ಹರಡಿ, ಒಂದು ತುದಿ ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸಿದ್ರೆ ಬಾಟಲ್ ಬ್ರಶ್ ಆಗುತ್ತೆ, ಕೆಳಗಿನ ಮುಕ್ಕಾಲು ಭಾಗ ಬೋಳಿಸಿ ಮೇಲೆ ಮಾತ್ರ ಬಿಡಿ, ಆ ಜಾತಿ ಪೈನು ಹಾಗೇ ಇರೋದು. ಪೊದೆಗಳಿಗೆ ಬಣ್ಣ ಹಾಕಿದ ಮರದ ಹೊಟ್ಟು. ಹಳದಿಗೆ ಅರಿಶಿನ ಬೇಡ, ಬೆಳಕಿಗೆ ಬಣ್ಣ ಬಿಡುತ್ತೆ.

ಕಥೆಯಲ್ಲಿ ಮಂಗಳದಿಂದ ಬಂದು ಎಲ್ಲೆಡೆ ಹಬ್ಬೋ ಕೆಂಪು ಕಳೆಗೆ ನಾನು ಬಳಸಿದ್ದು ಒಣಗಿದ ತುಪ್ಪೀರೆಕಾಯಿ ನಾರು, ಮೈ ಉಜ್ಜೋಕೆ ಮಾರ್ತಾರಲ್ಲ ಅದೇ. ಕತ್ತರಿಯಲ್ಲಿ ತೆಳು ಬಿಲ್ಲೆ ಕತ್ತರಿಸಿ, ಎಳೆದು ಹಿಗ್ಗಿಸಿ, ಕೆಂಪು ಬಣ್ಣದ ನೀರಲ್ಲಿ ಅದ್ದಿ ಒಣಗಿಸಿದ್ರೆ ರಕ್ತನಾಳಗಳ ಜಾಲ ಇದ್ದ ಹಾಗೆ ಬರುತ್ತೆ, ಅದನ್ನ ಬೇಲಿ, ಮರದ ಬುಡ, ನೀರಿನ ಅಂಚಿಗೆ ಹಬ್ಬಿಸಿ. ಖರ್ಚು ಹತ್ತು ರೂಪಾಯಿ ಕೂಡ ಇಲ್ಲ, ಇಡೀ ಟೇಬಲ್ಲಲ್ಲಿ ಎಲ್ಲರೂ ಮುಟ್ಟಿ ನೋಡೋದು ಇದನ್ನೇ.

ಮುಂದಿನದು

ಸರ್ರೆ ಸೆಟ್ಟಿಗೆ ಒಟ್ಟು ಖರ್ಚು 4600ರ ಹತ್ತಿರ ನಿಂತಿತು, ಅದರಲ್ಲಿ 2700 ಗೊಂಬೆ ಡಬ್ಬಿಗಳದ್ದೇ. ಉಳಿದದ್ರಲ್ಲಿ ಈಗ ನಮ್ಮ ಕಡೆಯದ್ದೇ ಒಂದು ಪ್ರಸಂಗ ಶುರು ಮಾಡಿದೀನಿ: 1902, ಕೋಲಾರದ ಚಿನ್ನದ ಗಣಿ. ಆ ವರ್ಷ ಜೂನ್ ಕೊನೆಗೆ ಶಿವನಸಮುದ್ರದ ಕಾವೇರಿ ವಿದ್ಯುತ್ತು 92 ಮೈಲಿ ತಂತಿಯಲ್ಲಿ ಹರಿದು ಗಣಿಗೆ ಮುಟ್ಟಿತು, 35,000 ವೋಲ್ಟು, ಆ ಕಾಲಕ್ಕೆ ಇದು ಕಲ್ಪನಾ ಕಥೆಗಿಂತ ಏನೂ ಕಮ್ಮಿ ಅಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಯೋಜನೆ, ರಾಯಲ್ ಇಂಜಿನಿಯರ್ಸಿನ ಜೋಲಿ ಡಿ ಲಾಟ್‌ಬಿನಿಯರ್ ಉಸ್ತುವಾರಿ. ರಾಣಿ 1901ರಲ್ಲೇ ತೀರಿಕೊಂಡಿದ್ರಿಂದ ಕಟ್ಟುನಿಟ್ಟಾಗಿ ವಿಕ್ಟೋರಿಯನ್ ಅಲ್ಲ, ಆದ್ರೆ ಈ ಹವ್ಯಾಸದಲ್ಲಿ 1914ರ ತನಕ ಎಳೆಯೋದು ರೂಢಿ. ಮುಕ್ಕಾಲಿಗಳು ಬರೋದು ಆ ತಂತಿ ಸಾಲು ಹುಡುಕಿಕೊಂಡು, ಕಾಯೋರು ಬೆಂಗಳೂರಿನ ಮದ್ರಾಸ್ ಸ್ಯಾಪರ್ಸು, ಅಂದ್ರೆ ಸೇನೆಯ ಇಂಜಿನಿಯರ್ ಪಡೆ. ಅದೇ ಪಡೆಯಲ್ಲಿದ್ದ ಕ್ಯಾಪ್ಟನ್ ಮೆಕ್ಲಿಂಟಾಕ್ 1912ರಲ್ಲಿ ಬೆಂಗಳೂರಲ್ಲೇ ಮಾಡಿದ ಉದ್ದ ಕೊಳವೆಯ ಸ್ಫೋಟಕ, ಇವತ್ತಿಗೂ ಜಗತ್ತೆಲ್ಲ ಬ್ಯಾಂಗಲೋರ್ ಟಾರ್ಪಿಡೊ ಅಂತಲೇ ಕರೆಯೋದು, ಅದನ್ನ ಹತ್ತು ವರ್ಷ ಮುಂಚೆ ಕೊಟ್ಟುಬಿಟ್ಟಿದೀನಿ, ಮುಕ್ಕಾಲಿ ಪಾದದಡಿ ತಳ್ಳೋಕೆ ಅದಕ್ಕಿಂತ ಒಳ್ಳೇ ಆಯುಧ ಇಲ್ಲ. ಅಗರಬತ್ತಿ ಕಡ್ಡಿಗೆ ಪೇಪರ್ ಸುತ್ತಿದ್ರೆ ಟಾರ್ಪಿಡೊ ರೆಡಿ.

ತಂತಿ ಕಂಬಗಳು ಟೂತ್‌ಪಿಕ್ಕಲ್ಲಿ ಆಗಲ್ಲ, ತೆಳು ಕಾಣುತ್ತೆ, ಚಾಟ್ಸ್ ಅಂಗಡಿಯ ಬಿದಿರು ಕಡ್ಡಿ ಸರಿಯಾದ ದಪ್ಪ, ಇನ್ಸುಲೇಟರಿಗೆ ಬಿಳಿ ಸಾಸಿವೆ ಮಣಿ. ಮೊದಲ ಹನ್ನೆರಡು ಕಂಬ ಬಣ್ಣ ಆಗಿದೆ, ತಂತಿಗೆ ಕಪ್ಪು ಹೊಲಿಗೆ ದಾರ ಜೋಲಾಗದ ಹಾಗೆ ಎಳೆಯೋಕೆ ದಾರಕ್ಕೆ ಫೆವಿಕಾಲ್ ನೀರು ಸವರಿ ಒಣಗಿಸಿ ನೋಡ್ತಿದೀನಿ. ಅದಾದ್ಮೇಲೆ ಗಣಿಯ ಹೆಡ್‌ಗೇರು (ಗಣಿ ಬಾಯಿ ಮೇಲಿನ ರಾಟೆ ಗೋಪುರ), ಐಸ್‌ಕ್ರೀಂ ಕಡ್ಡಿ ಸೀಳಿ ಕಟ್ಬೇಕು, ಮೇಲಿನ ರಾಟೆಗೆ ಫಿರಂಗಿಗೆ ಕೊಯ್ದು ಉಳಿದಿರೋ ಪಿವಿಸಿ ಬಳೆಗಳೇ ಇವೆ.